ಸೊನ್ನೆ ತೋರಿದ ನೀರು

ಆ ವರ್ಷ ಮಂಗಳೂರಿನಲ್ಲಿ ನಾಲ್ಕು ಸಾವಿರದ ಮುನ್ನೂರು ಮನೆಗಳೊಳಗೆ ಸಮುದ್ರವಿತ್ತು.

ದೊಡ್ಡ ಸಮುದ್ರ ಎಂದಿನಂತೆ ಊರಿನ ಪಡುವಣಕ್ಕೇ ಇತ್ತು. ಆದರೆ ಬೇಸಗೆಯಲ್ಲಿ ಅದರೊಳಗೆ ಕಾಲಿಟ್ಟರೆ ಸ್ನಾನದ ನೀರಿನಷ್ಟು ಬೆಚ್ಚಗಿರುತ್ತಿತ್ತು. ನೇತ್ರಾಣಿ ನಡುಗಡ್ಡೆಯ ಸುತ್ತಲಿನ ಹವಳಗಳು ಮೂರು ಬೇಸಗೆಗಳಲ್ಲಿ ಬಿಳಿಚಿಕೊಂಡು, ನಾಲ್ಕನೆಯದರಲ್ಲಿ ಬರೀ ಸುಣ್ಣದ ಗೂಡುಗಳಾಗಿ ನಿಂತಿದ್ದವು. ಪೂರ್ತಿ ಸಾಯುವ ಮೊದಲು ವಿಜ್ಞಾನಿಗಳು ಮುರಿದು ತಂದ ತುಂಡುಗಳನ್ನು ಒಂದು ದೊಡ್ಡ ತೊಟ್ಟಿಯಲ್ಲಿ ಸಾಕುತ್ತಿದ್ದರು. ಒಂದು ದಿನ ಕರೆಂಟು ಹೋಯಿತು, ಜನರೇಟರು ಕೆಮ್ಮಿ ನಿಂತಿತು, ಒಂದೇ ಮಧ್ಯಾಹ್ನದಲ್ಲಿ ಅರ್ಧಕ್ಕರ್ಧ ಸತ್ತವು. ಉಳಿದವನ್ನು ಮನೆಮನೆಗೆ ಹಂಚುವ ಯೋಚನೆ ಹುಟ್ಟಿದ್ದು ಆಗ. ಸಾವಿರಾರು ಮನೆಗಳು ಒಂದೇ ಗಳಿಗೆಯಲ್ಲಿ ಒಂದೇ ತಪ್ಪು ಮಾಡಲಾರವು ಎಂಬುದು ಅವರ ಲೆಕ್ಕಾಚಾರ.

ಹಾಗೆ ಟಿ.ವಿ. ಇದ್ದ ಜಾಗಕ್ಕೆ ಎರಡಡಿ ಉದ್ದದ ಗಾಜಿನ ಟ್ಯಾಂಕ್ ಬಂತು. ಜೊತೆಗೆ ಒಂದು ಪಂಪು, ಒಂದು ದೀಪ, ನೀರನ್ನು ತಂಪಾಗಿಡುವ ಪೆಟ್ಟಿಗೆ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಪಕ್ಕದಲ್ಲಿ ಟ್ಯಾಂಕಿನ ಉಪ್ಪಿನ ಪೊಟ್ಟಣಗಳು ಬಂದವು. ಮನೆಮಂದಿಯೆಲ್ಲ ಒಟ್ಟಿಗೆ ಮದುವೆಗೆ ಹೋಗುವ ರೂಢಿ ನಿಂತುಹೋಯಿತು, ಒಬ್ಬರು ಉಳಿಯಲೇಬೇಕು. ಆಮಂತ್ರಣ ಪತ್ರಿಕೆಗಳ ಕೊನೆಯಲ್ಲಿ 'ಟ್ಯಾಂಕ್ ನೋಡಿಕೊಳ್ಳುವವರಿಗೆ ಊಟ ಕಳುಹಿಸಿಕೊಡಲಾಗುವುದು' ಎಂದು ಅಚ್ಚಾಗತೊಡಗಿತು. ಹೊಸಬರು ಸಿಕ್ಕಿದರೆ ಜನ ಊರು ಕೇಳಿ, ಮನೆ ಕೇಳಿ, ಆಮೇಲೆ "ನಿಮ್ಮದು ಯಾವ ನಂಬರು?" ಎಂದು ಕೇಳುತ್ತಿದ್ದರು.

ಜೆಪ್ಪುವಿನ ಸುಗಂಧಿಯದು ನೂರ ಏಳು. ಮುಷ್ಟಿಗಿಂತ ತುಸು ದೊಡ್ಡದಾದ, ಹೂಕೋಸಿನ ಹಾಗೆ ಕವಲೊಡೆದ ನಸುಗೆಂಪು ಹವಳ. ಅದೇ ಹವಳದ ತುಂಡುಗಳು ಮೊದಲು ಎಂಟು ಮನೆಗಳಲ್ಲಿದ್ದವು. ಒಂದೊಂದಾಗಿ ಏಳು ಹೋದವು. ಈಗ ನೂರ ಏಳು ಎಂದರೆ ಸುಗಂಧಿಯ ಮನೆಯದು ಮಾತ್ರ. ಅದೂ ಈಗ ಸಾಯುತ್ತಿತ್ತು.

ಸಾಯುವ ಲಕ್ಷಣಗಳನ್ನು ಅವಳು ಚೆನ್ನಾಗಿ ಬಲ್ಲಳು. ಹವಳದ ಮೈತುಂಬ ಇರುವ ಸೂಜಿಮೊನೆಯಷ್ಟು ಬಾಯಿಗಳು ಹಗಲಿಡೀ ಮುಚ್ಚಿಕೊಂಡಿರುತ್ತಿದ್ದವು. ನಸುಗೆಂಪು ಬಣ್ಣ ತೊಳೆದು ತೊಳೆದು ಹಳತಾದ ಸೀರೆಯಂತೆ ಕಳೆಗುಂದಿತ್ತು. ಮರಳಿನ ಮೇಲೆ, ಕಲ್ಲಿನ ಮೇಲೆ, ಹವಳದ ಕವಲುಗಳ ನಡುವೆ ಕಂದು ಬಣ್ಣದ ಲೋಳೆ ಹಬ್ಬಿ, ಅದರ ತುಂಬ ಗಾಳಿಗುಳ್ಳೆಗಳು ನೇತಾಡುತ್ತಿದ್ದವು. ಬೆಳಿಗ್ಗೆ ಪೈಪು ಹಾಕಿ ಎಳೆದು ತೆಗೆದರೆ ಮಧ್ಯಾಹ್ನ ಮೂರಕ್ಕೆ ಮತ್ತೆ ಹಾಜರು. ಅವಳು ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲುಗಳನ್ನು ತಿಕ್ಕಿದಳು. ದಿನಕ್ಕೆ ಎರಡು ಬಕೆಟ್ ನೀರು ಬದಲಿಸಿದಳು. ಇನ್ನೊಂದು ಫಿಲ್ಟರ್ ತಂದು ಕೂರಿಸಿದಳು. ಗಲೀಜು ಮಾಡುತ್ತವೆಂದು ಎರಡು ಪುಟ್ಟ ಮೀನುಗಳನ್ನು ಎದುರುಮನೆಯ ಗ್ರೇಸಿಬಾಯಿಗೆ ಕೊಟ್ಟುಬಿಟ್ಟಳು.

"ಮೂವತ್ತು ವರ್ಷ ಸಮುದ್ರದಲ್ಲಿ ಬೋಟ್ ಓಡ್ಸಿದ್ದೇನೆ," ಎಂದ ಅವಳ ಗಂಡ ದೂಮಪ್ಪ, ಆರಾಮ ಕುರ್ಚಿಯಲ್ಲಿ ಕಾಲು ಚಾಚಿಕೊಂಡು. "ಸಮುದ್ರವನ್ನು ತೊಳೆಯುವವರನ್ನು ನೋಡಿದ್ದು ಇದೇ ಮೊದಲು."

"ನೀವು ಸುಮ್ಮನೆ ಕೂತ್ಕೊಳ್ಳಿ. ಆ ಕಾಲನ್ನಾದ್ರೂ ತೊಳೆದು ಬನ್ನಿ ಮೊದಲು."

"ನನ್ನ ಕಾಲಿಗೂ ಟ್ಯಾಂಕಿಗೂ ಎಂತ ಸಂಬಂಧ ಮಾರಾಯ್ತಿ?"

ಸಂಬಂಧವಿತ್ತು, ಅವಳ ಮನಸ್ಸಿನಲ್ಲಿ. ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿಗೆ ತಾಗಿದ ಕೋಣೆಯಲ್ಲಿ ಮೂವತ್ತೊಂದು ವರ್ಷ ಕತ್ತರಿ, ಚಿಮಟ, ಚಾಕುಗಳನ್ನು ತೊಳೆದು, ಹಬೆಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಒಳಗೆ ಕಳಿಸಿದವಳು ಅವಳು. ಯಾವ ರೋಗವೂ ಎಲ್ಲೋ ಉಳಿದ ಒಂದು ಚೂರು ಕೊಳೆಯಿಂದ ಬರುತ್ತದೆ. ಹುಡುಕಿ ತೆಗೆದರೆ ರೋಗ ಹೋಗುತ್ತದೆ. ಅವಳ ಬದುಕಿನಲ್ಲಿ ಒಮ್ಮೆಯೂ ಸುಳ್ಳಾಗದ ತಿಳಿವಳಿಕೆ ಅದು.

ಆಗಸ್ಟ್ ಕೊನೆಯ ವಾರ ಹವಳ ಕೇಂದ್ರದಿಂದ ಫೋನು ಬಂತು.

ಪ್ರತಿ ಟ್ಯಾಂಕಿನ ಅಂಚಿನಲ್ಲೂ ಹೆಬ್ಬೆರಳಿನಷ್ಟು ದೊಡ್ಡ ಒಂದು ಯಂತ್ರದ ಕಣ್ಣಿರುತ್ತದೆ. ಗಂಟೆಗೊಮ್ಮೆ ಅದು ಹವಳದ ಮೇಲೆ ನೀಲಿ ಬೆಳಕನ್ನು ಮಿಂಚಿಸುತ್ತದೆ. ಹವಳದ ಮೈಯೊಳಗೆ ವಾಸಿಸುವ ಪಾಚಿ ಆ ಬೆಳಕಿನಲ್ಲಿ ಒಂದಿಷ್ಟನ್ನು ಉಂಡು, ಉಳಿದದ್ದನ್ನು ಕೆಂಪಾಗಿ ಮರಳಿಸುತ್ತದೆ. ಆ ಕೆಂಪನ್ನು ಓದಿದರೆ ಪಾಚಿ ಎಷ್ಟು ಚೆನ್ನಾಗಿದೆ ಎಂದು ತಿಳಿಯುತ್ತದೆ. ಪಾಚಿ ಚೆನ್ನಾಗಿದ್ದರೆ ಹವಳವೂ ಚೆನ್ನಾಗಿರುತ್ತದೆ. ಇದನ್ನು ಅವರು 'ಬೆಳಕು' ಎನ್ನುತ್ತಿದ್ದರು. ಒಳ್ಳೆಯ ಹವಳದ ಬೆಳಕು ಅರವತ್ತು, ಅರವತ್ತೈದು.

"ನೂರ ಏಳು ನಲವತ್ತಕ್ಕಿಂತ ಕೆಳಗೆ ಇಳಿದಿದೆ ಅಕ್ಕ," ಎಂದಳು ಕೇಂದ್ರದ ನಫೀಸಾ. "ಇನ್ನು ಹನ್ನೆರಡು ದಿನ ನೋಡ್ತಾರೆ. ಅಷ್ಟರೊಳಗೆ ನಲವತ್ತು ದಾಟದಿದ್ರೆ ತೆಗೆದುಕೊಂಡು ಹೋಗಿ ಶೀತಕೋಶಕ್ಕೆ ಹಾಕ್ತಾರೆ. ನಿಯಮ ಹಾಗುಂಟು."

ಶೀತಕೋಶವೆಂದರೆ ಏನೆಂದು ಹವಳ ಸಾಕಿದ ಎಲ್ಲರಿಗೂ ಗೊತ್ತಿತ್ತು. ಹವಳವನ್ನು ಚೂರು ಮಾಡಿ, ಹೆಪ್ಪುಗಟ್ಟಿಸಿ, ಚೀಟಿ ಅಂಟಿಸಿ ಇಡುತ್ತಾರೆ. ಹಾಗೆ ಇಟ್ಟದ್ದನ್ನು ಮತ್ತೆ ಹವಳವಾಗಿ ಬದುಕಿಸುವುದು ಈವರೆಗೆ ಯಾರಿಗೂ ಸಾಧ್ಯವಾಗಿರಲಿಲ್ಲ.

ಮರುದಿನ ನಫೀಸಾ ಮನೆಗೆ ಬಂದಳು. ಉಳ್ಳಾಲದವಳು, ಮೂವತ್ತೈದರ ಆಸುಪಾಸು, ಹೆಗಲಿನ ಚೀಲದಲ್ಲಿ ಹತ್ತಾರು ಸೀಸೆಗಳು. ಬಂದವಳೇ ಚಪ್ಪಲಿ ಕಳಚಿ, ಕೈ ತೊಳೆದು, ಟ್ಯಾಂಕಿನ ಮುಂದೆ ನೆಲದ ಮೇಲೆ ಕೂತಳು. ಬಿಸಿ ಅಳೆದಳು, ಸರಿ ಇತ್ತು. ಉಪ್ಪು ಅಳೆದಳು, ಸರಿ ಇತ್ತು. ದೀಪ ಹೊಸದು. ಪಂಪಿನ ಒಳಗೆ ತುಕ್ಕು ಹಿಡಿದ ಮೊಳೆ ಉಂಟಾ ಎಂದು ಬಿಚ್ಚಿ ನೋಡಿದಳು, ಇರಲಿಲ್ಲ. ಆಮೇಲೆ ಒಂದು ಕೊಳವೆಗೆ ನೀರು ತೆಗೆದು ಹನಿ ಮದ್ದು ಹಾಕಿ ಕಲಕಿದಳು. ನೀರಿನಲ್ಲಿ ಮೀನಿನ ಹೇಲು, ಕೊಳೆತದ್ದು ಎಲ್ಲ ಕರಗಿ ಆಗುವ ಅಂಶ ಎಷ್ಟಿದೆಯೋ ಅಷ್ಟು ಕೆಂಪಾಗುತ್ತದೆ. ಐದು ನಿಮಿಷವಾದರೂ ಕೊಳವೆ ಮಳೆನೀರಿನ ಹಾಗೆ ತಿಳಿಯಾಗಿಯೇ ಇತ್ತು.

"ಸೊನ್ನೆ," ಎಂದಳು ನಫೀಸಾ.

ಸುಗಂಧಿಯ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ನಮ್ಮದು ಯಾವಾಗ್ಲೂ ಸೊನ್ನೆಯೇ."

ನಫೀಸಾ ಹುಬ್ಬು ಗಂಟಿಕ್ಕಿ ಮದ್ದಿನ ಸೀಸೆಯ ತಾರೀಕು ನೋಡಿದಳು. ಇನ್ನೊಂದು ಸೀಸೆ ತೆಗೆದು ಮತ್ತೊಮ್ಮೆ ಪರೀಕ್ಷಿಸಿದಳು. ಮತ್ತೆ ಸೊನ್ನೆ. ಲೋಳೆಯ ಒಂದು ಚೂರನ್ನೂ ಹವಳದ ತುದಿಯಿಂದ ಅಕ್ಕಿಕಾಳಿನಷ್ಟನ್ನೂ ಸೀಸೆಗೆ ಹಾಕಿಕೊಂಡು, "ನಾಳೆ ಹತ್ತು ಗಂಟೆಗೆ ನೀವು ಕೇಂದ್ರಕ್ಕೆ ಬರ್ಲಿಕ್ಕೆ ಆಗ್ತದಾ ಅಕ್ಕ? ಒಂದು ವಿಷಯ ನೋಡ್ಬೇಕು," ಎಂದಳು.

"ಅವಳಿಗೆ ಎಂತ ಕೆಲಸ ಉಂಟು? ಖಂಡಿತ ಬರ್ತಾಳೆ," ಎಂದ ದೂಮಪ್ಪ.

ಆ ಮಾತು ಸುಗಂಧಿಗೆ ಚುಚ್ಚಿತು. ಅವನು ಚುಚ್ಚಬೇಕೆಂದು ಹೇಳಿರಲಿಲ್ಲ.

ಹವಳ ಕೇಂದ್ರ ಇದ್ದದ್ದು ಬಂದರಿನ ಹಳೆಯ ಐಸ್ ಪ್ಲಾಂಟಿನಲ್ಲಿ. ಒಂದು ಕಾಲದಲ್ಲಿ ದೂಮಪ್ಪನ ಬೋಟಿಗೆ ಇಲ್ಲಿಂದಲೇ ಐಸು ಹೋಗುತ್ತಿತ್ತು. ಈಗ ಒಳಗೆ ಹೊಕ್ಕರೆ ಎದುರಿಗೆ ಗೋಡೆಯಿಡೀ ದೀಪಗಳು. ಒಂದೊಂದು ಮನೆಗೆ ಒಂದೊಂದು. ಎಲ್ಲವೂ ಕೆಂಪು, ಆದರೆ ಒಂದರ ಕೆಂಪು ಇನ್ನೊಂದರದ್ದಲ್ಲ. ಅಡುಗೆಮನೆಯ ಒಲೆ ಆರಿದ ಮೇಲಿನ ಕೆಂಡಗಳಂತೆ ಕೆಲವು ಹೊಳೆಯುತ್ತಿದ್ದವು, ಕೆಲವು ಬೂದಿಯೊಳಗಿದ್ದವು. ಗಂಟೆ ಹತ್ತಾಗುತ್ತಲೇ ಸದ್ದಿಲ್ಲದೆ ಇಡೀ ಗೋಡೆ ಒಮ್ಮೆ ನಡುಗಿ ಮತ್ತೆ ಕೂಡಿಕೊಂಡಿತು. ನಾಲ್ಕು ಸಾವಿರ ಮನೆಗಳಲ್ಲಿ ಆ ಕ್ಷಣ ನೀಲಿ ಬೆಳಕು ಮಿಂಚಿ, ನಾಲ್ಕು ಸಾವಿರ ಹವಳಗಳು ಉತ್ತರ ಹೇಳಿದ್ದವು. ಸುಗಂಧಿ ನಿಂತಲ್ಲೇ ನಿಂತಳು. ತನ್ನ ಹಾಗೆ ಇಷ್ಟು ಮನೆಗಳಲ್ಲಿ ಇಷ್ಟು ಹೆಂಗಸರು ಇಷ್ಟು ಟ್ಯಾಂಕುಗಳ ಮುಂದೆ ಬಗ್ಗಿ ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಕಣ್ಣಿಗೆ ಕಂಡದ್ದು ಆಗ.

ನಫೀಸಾ ಕಂಪ್ಯೂಟರಿನಲ್ಲಿ ನೂರ ಏಳರ ಮೂರು ವರ್ಷದ ಬೆಳಕನ್ನು ತೆಗೆದು ತೋರಿಸಿದಳು. ಗೆರೆ ನಿಧಾನವಾಗಿ ಏರುತ್ತಾ ಅರವತ್ನಾಲ್ಕಕ್ಕೆ ಮುಟ್ಟಿ, ಎರಡೂವರೆ ವರ್ಷ ಅಲ್ಲೇ ಅಲುಗಾಡದೆ ನಿಂತಿತ್ತು. ಆಮೇಲೆ ಒಮ್ಮೆಗೇ ಇಳಿಜಾರು.

"ಇಲ್ಲಿ ನೋಡಿ, ಜೂನ್ ಮೊದಲನೇ ವಾರ. ಇಲ್ಲಿಂದ ಬಿದ್ದದ್ದು. ಆಗ ಮನೆಯಲ್ಲಿ ಎಂತಾದ್ರೂ ಬದಲಾಯಿತಾ ಅಕ್ಕ? ಹೊಸ ಪೈಂಟ್? ಸೊಳ್ಳೆಯ ಔಷಧ? ಹೊಸ ನೀರಿನ ಕನೆಕ್ಷನ್?"

ಸುಗಂಧಿ ಯೋಚಿಸಿದಳು. ಯೋಚಿಸಬೇಕಾದ ಅಗತ್ಯವಿರಲಿಲ್ಲ.

"ಮೇ ಕೊನೆಗೆ ನಾನು ರಿಟೈರ್ ಆದದ್ದು," ಎಂದಳು.

ನಫೀಸಾ ಗೆರೆಯ ಮೇಲೆ ಬೆರಳನ್ನು ಜೂನಿನಿಂದ ಹಿಂದಕ್ಕೆ ಸರಿಸಿದಳು.

"ಅದಕ್ಕೆ ಮೊದಲು ಎಷ್ಟು ದಿನಕ್ಕೊಮ್ಮೆ ನೀರು ಬದಲಿಸ್ತಿದ್ರಿ?"

"ತಿಂಗಳಿಗೊಮ್ಮೆ. ಕೆಲವು ಸಲ ಅದೂ ಇಲ್ಲ. ಡ್ಯೂಟಿ ಮುಗಿಸಿ ಬಂದು ಬಿದ್ದುಕೊಂಡ್ರೆ ಸಾಕಾಗ್ತಿತ್ತು. ಗಾಜಿನ ಮೇಲೆ ಹಸಿರು ಕಟ್ಟಿ ಒಳಗೆ ಎಂತದ್ದೂ ಕಾಣ್ತಿರ್ಲಿಲ್ಲ. ನನಗೆ ನಾಚಿಕೆ ಆಗ್ತಿತ್ತು, ಯಾರಾದ್ರೂ ಬಂದ್ರೆ ಟ್ಯಾಂಕಿಗೆ ಬಟ್ಟೆ ಹಾಕ್ತಿದ್ದೆ." ಅವಳ ದನಿ ಸಣ್ಣದಾಯಿತು. "ಆಗ ಅದು ಅರವತ್ನಾಲ್ಕು."

"ಬನ್ನಿ, ಇದನ್ನು ನೋಡಿ," ಎಂದು ನಫೀಸಾ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಮೊದಲು ಲೋಳೆ. ಸುಗಂಧಿಗೆ ಕಂಡದ್ದು ಎಳ್ಳಿನ ಕಾಳುಗಳು. ಒಂದು ತುದಿ ಚೂಪು, ಒಂದು ತುದಿ ದುಂಡು, ಒಳಗೆ ಚಿನ್ನದ ಕಂದು. ಪ್ರತಿಯೊಂದೂ ಕಾಣದ ಹಗ್ಗಕ್ಕೆ ಕಟ್ಟಿದ ಕರುವಿನ ಹಾಗೆ ತನ್ನ ಗೂಟದ ಸುತ್ತ ಸುತ್ತುತ್ತಿತ್ತು. ಒಂದು ಹನಿಯಲ್ಲಿ ನೂರಾರು ಕರುಗಳು. ಇವನ್ನೇ ತಾನು ಮೂರು ತಿಂಗಳು ಬ್ರಷ್ಷಿನಿಂದ ತಿಕ್ಕಿದ್ದು. ಇಷ್ಟು ಚೆಂದ ಇದ್ದವಾ ಇವು?

ಆಮೇಲೆ ಹವಳದ ತುದಿ. ಗಾಜಿನಂಥ ತೆಳು ಮೈ, ಅದರೊಳಗೆ ಅಲ್ಲೊಂದು ಇಲ್ಲೊಂದು ಸಾಸಿವೆಯಂಥ ಗುಂಡು ಕಾಳು. ಬಣ್ಣ ಮಾತ್ರ ಅದೇ ಚಿನ್ನದ ಕಂದು.

"ಇದು ಹವಳದ ಒಳಗಿನ ಪಾಚಿ. ಹತ್ತು ಪಾಲು ಇರಬೇಕಾದಲ್ಲಿ ಒಂದು ಪಾಲು ಉಳಿದಿದೆ," ಎಂದಳು ನಫೀಸಾ. "ಒಳಗಿದ್ದದ್ದೂ ಹೊರಗಿನ ಲೋಳೆಯೂ ಒಂದೇ ಕುಟುಂಬ ಅಕ್ಕ. ದಾಯಾದಿಗಳು. ಒಬ್ಬ ಹವಳದ ಮೈಯೊಳಗೆ ಮನೆ ಮಾಡಿಕೊಂಡು, ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸಿ ತಾನೂ ಉಣ್ತಾನೆ. ಅಡುಗೆಗೆ ಸಾಮಾನು ಬೇಕಲ್ಲ? ಅದು ಗಲೀಜಿನಿಂದ ಬರ್ಬೇಕು. ಮೀನಿನದ್ದು, ಹವಳದ್ದು, ನೀರಿನದ್ದು. ನೀವು ಒಂದು ಚೂರೂ ಬಿಡದೆ ತೆಗೆದುಬಿಟ್ರಿ. ಒಳಗಿನವನು ಹಸಿದು ಸತ್ತ. ಹೊರಗಿನವನಿಗೆ ಏನೂ ಇಲ್ಲದ ಜಾಗವೇ ಬೇಕು, ಪೈಪೋಟಿಗೆ ಬೇರೆ ಪಾಚಿ ಇಲ್ಲದ ಕಡೆ ಅವನದ್ದೇ ರಾಜ್ಯ."

"ಅಂದ್ರೆ ನಾನು ತೊಳೆದಷ್ಟೂ…"

"ಅದು ಹೆಚ್ಚಾಯ್ತು. ಹೆಚ್ಚಾದಷ್ಟೂ ನೀವು ತೊಳೆದ್ರಿ."

ಸುಗಂಧಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ನಫೀಸಾ ಅವಳ ಮುಖ ನೋಡುತ್ತಿದ್ದಳು.

"ಎಂತ ಮಾಡ್ಬೇಕು ಈಗ?"

"ಎಂತದ್ದೂ ಮಾಡ್ಬಾರ್ದು. ಅದೇ ಕಷ್ಟ."

ಬ್ರಷ್ಷು ಮುಟ್ಟಬಾರದು. ನೀರು ಬದಲಿಸಬಾರದು. ಹೊಸ ಫಿಲ್ಟರು ತೆಗೆದಿಡಬೇಕು. ಮೀನುಗಳನ್ನು ಮರಳಿ ತರಬೇಕು. ದಿನಕ್ಕೆರಡು ಸಲ ಅರೆದ ಬೂತಾಯಿ ಮೀನು ಅರ್ಧ ಚಮಚ. ಲೋಳೆ ಮೊದಲು ಹೆಚ್ಚಾಗಬಹುದು, ಹೆದರಬಾರದು. ಇಷ್ಟು ನಫೀಸಾಳ ಚೀಟಿ. ಉಳಿದದ್ದು ಹತ್ತು ದಿನ.

ಗ್ರೇಸಿಬಾಯಿ ಮೀನುಗಳನ್ನು ಕೊಡಲು ಸುಲಭಕ್ಕೆ ಒಪ್ಪಲಿಲ್ಲ. ಅವುಗಳಿಗೆ ಹೆಸರಿಟ್ಟಾಗಿತ್ತಂತೆ. ದೂಮಪ್ಪ ಹೋಗಿ ಅರ್ಧ ಗಂಟೆ ಮಾತಾಡಿ ಮೀನುಗಳೊಂದಿಗೆ ಬಂದ. ಬೂತಾಯಿ ಅರೆಯುವ ಕೆಲಸವನ್ನು ತಾನೇ ವಹಿಸಿಕೊಂಡು, ಹೊತ್ತು ಹೊತ್ತಿಗೆ "ಊಟಕ್ಕೆ ಬನ್ನಿ" ಎಂದು ಟ್ಯಾಂಕಿಗೆ ಹೇಳುತ್ತಿದ್ದ.

ಸುಗಂಧಿ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಕೈಗಳನ್ನು ಎಲ್ಲಿಡುವುದೆಂದು ತಿಳಿಯುತ್ತಿರಲಿಲ್ಲ. ಎರಡನೆಯ ದಿನ ಅಡುಗೆಮನೆಯ ಚಮಚಗಳನ್ನೆಲ್ಲ ಕುದಿಸಿದಳು. ಮೂರನೆಯ ದಿನ ಒಣಗಿದ ಬಟ್ಟೆಗಳನ್ನು ಮತ್ತೆ ಒಗೆದಳು. ನಾಲ್ಕನೆಯ ದಿನ ಲೋಳೆ ಹವಳದ ಕವಲುಗಳನ್ನೆಲ್ಲ ಮುಚ್ಚಿ, ನೀರಿನಲ್ಲಿ ಕಂದು ಜಡೆಗಳಂತೆ ಮೇಲೆದ್ದು ತೂಗಾಡತೊಡಗಿತು. ಬೆಳಕು ಮೂವತ್ತೊಂದು ಎಂದು ಫೋನು ಬಂತು. ಅವಳು ಎದ್ದು ಬಚ್ಚಲಿಗೆ ಹೋದಳು.

"ಪೈಪ್ ಎಲ್ಲಿ?"

"ಗ್ರೇಸಿಬಾಯಿಯ ಹತ್ರ," ಎಂದ ದೂಮಪ್ಪ. "ಮೀನಿನ ಬದಲಿಗೆ ಕೊಟ್ಟದ್ದು."

"ಆ ಪೈಪ್ ಅವರಿಗೆ ಎಂತಕ್ಕೆ?"

"ಅವರಿಗೆ ಎಂತಕ್ಕೂ ಬೇಡ. ನಿನ್ನ ಕೈಗೆ ಸಿಕ್ಬಾರ್ದು ಅಷ್ಟೇ."

ಅವಳು ಸಿಟ್ಟಿನಿಂದ ಮತ್ತೆ ಬೆಂಚಿಗೆ ಬಂದು ಕೂತಳು. ಬಹಳ ಹೊತ್ತಿನ ಮೇಲೆ, ಟ್ಯಾಂಕಿಗೆ ಹೇಳುವಂತೆ, ಅವನಿಗೆ ಯಾವತ್ತೂ ಹೇಳದಿದ್ದ ಮಾತು ಹೇಳಿದಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬಳು ಬಾಣಂತಿಯ ಹೊಲಿಗೆ ಕೀವಾಯಿತು. ಹನ್ನೊಂದು ದಿನ ನರಳಿ ಹೋದಳು. ವಿಚಾರಣೆ ನಡೆದು ಉಪಕರಣಗಳಲ್ಲಿ ದೋಷವಿಲ್ಲ ಎಂದು ಬರೆದರು, ಎಲ್ಲರೂ ಒಪ್ಪಿದರು. ಸುಗಂಧಿಗೆ ಒಪ್ಪಲಾಗಲಿಲ್ಲ. ಆ ದಿನ ಹಬೆಯ ಪೆಟ್ಟಿಗೆಯನ್ನು ಒಂದು ನಿಮಿಷ ಮೊದಲೇ ತೆರೆದಿದ್ದೆನೋ ಎಂಬ ಒಂದು ಸಂಶಯ, ಒಂದೇ ಒಂದು ನಿಮಿಷದ್ದು, ಇಪ್ಪತ್ತೊಂಬತ್ತು ವರ್ಷ ಅವಳ ಬೆರಳುಗಳಲ್ಲಿ ಉಳಿದಿತ್ತು.

"ಅವಳ ಮುಖ ನಾನು ನೋಡಿದ್ದೇ ಇಲ್ಲ," ಎಂದಳು. "ಹೆಸರು ಮಾತ್ರ ಗೊತ್ತು."

ದೂಮಪ್ಪ ಬೂತಾಯಿ ಅರೆಯುವುದನ್ನು ನಿಲ್ಲಿಸಿದ್ದ. ಕೈ ಒರೆಸಿಕೊಂಡು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಇಬ್ಬರೂ ಲೋಳೆ ತೂಗಾಡುವುದನ್ನು ನೋಡಿದರು.

ಏಳನೆಯ ದಿನ ಗಾಜಿನ ಒಂದು ಮೂಲೆಯಲ್ಲಿ ಹಸಿರು ಮಬ್ಬು ಕಂಡಿತು. ಎಂಟನೆಯ ದಿನ ನಫೀಸಾ ಬಂದು ಕೊಳವೆ ಕಲಕಿದಾಗ ನೀರು ನಸುಗುಲಾಬಿಯಾಯಿತು. ನಫೀಸಾ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು "ಹಾಕಿದ ಊಟ ಕಾಣ್ತಾ ಉಂಟು," ಎಂದು ನಕ್ಕಳು. ಲೋಳೆಯ ಜಡೆಗಳು ತೆಳ್ಳಗಾಗಿ ಹರಿದು ಬೀಳುತ್ತಿದ್ದವು. ಬೆಳಕು ಮೂವತ್ತಾರು. ಮರುದಿನ ಮೂವತ್ತೊಂಬತ್ತು. ಹತ್ತನೆಯ ದಿನ, ಅಂದರೆ ಕೊನೆಯ ದಿನ, ಮಧ್ಯಾಹ್ನ ಸುಗಂಧಿ ಹವಳದ ಒಂದು ಕವಲಿನ ತುದಿಯಲ್ಲಿ ಒಂದು ಬಾಯಿ ತೆರೆದದ್ದನ್ನು ಕಂಡಳು. ಕೂದಲಿಗಿಂತ ಸಣ್ಣ ಕೈಗಳನ್ನು ಚಾಚಿ, ಅದು ನೀರಿನಲ್ಲಿ ತೇಲುವ ಬೂತಾಯಿಯ ಒಂದು ಕಣವನ್ನು ಹಿಡಿದು ಒಳಗೆ ಎಳೆದುಕೊಂಡಿತು. ಅದರ ಪಕ್ಕದ್ದು ತೆರೆಯಿತು. ಅದರ ಪಕ್ಕದ್ದು.

ನಾಲ್ಕು ಗಂಟೆಗೆ ಫೋನು. "ನಲವತ್ತೊಂದು ಅಕ್ಕ! ನಲವತ್ತೊಂದು!"

ಸುಗಂಧಿಗೆ ಅಳು ಬಂತು. ಕಣ್ಣೊರೆಸಿಕೊಂಡ ಸೆರಗಿನಿಂದಲೇ ಟ್ಯಾಂಕಿನ ಗಾಜನ್ನು ಒರೆಸಲು ಹೋಗಿ, ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಆಮೇಲಿನ ತಿಂಗಳುಗಳಲ್ಲಿ ಟ್ಯಾಂಕ್ ಅವಳಿಗೆ ಇಷ್ಟವಾಗದ ರೀತಿಯಲ್ಲೇ ಚೆನ್ನಾಯಿತು. ಕಲ್ಲುಗಳ ಮೇಲೆ ಹಸಿರು ರೋಮ ಬೆಳೆಯಿತು. ಎಲ್ಲಿಂದಲೋ ಬಸವನಹುಳುಗಳು ಹುಟ್ಟಿಕೊಂಡವು. ಡಿಸೆಂಬರಿಗೆ ಹವಳದ ಬಣ್ಣ ಮರಳಿತು, ಫೆಬ್ರವರಿಗೆ ಹೊಸ ಕವಲುಗಳು ಬಂದವು. ಪೈಪು ಗ್ರೇಸಿಬಾಯಿಯ ಮನೆಯಿಂದ ಯಾವತ್ತೋ ಬಚ್ಚಲಿಗೆ ವಾಪಸಾಗಿತ್ತು. ಸುಗಂಧಿ ತಿಂಗಳಿಗೊಮ್ಮೆ ಮಾತ್ರ ಅದನ್ನು ಮುಟ್ಟುತ್ತಿದ್ದಳು. ಉಳಿದ ಹೊತ್ತು ನೋಡುತ್ತಿದ್ದಳು. ನೋಡುವುದೂ ಒಂದು ಕೆಲಸವೆಂದು ಅವಳಿಗೆ ಅಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಮಾರ್ಚ್ ತಿಂಗಳು. ಅಮಾವಾಸ್ಯೆ ಕಳೆದ ಮೂರನೆಯ ದಿನ, ಬೆಳಿಗ್ಗೆ ಏಳೂಕಾಲು. ಕಾಫಿ ಲೋಟ ಹಿಡಿದು ಹಾಲಿಗೆ ಬಂದವಳಿಗೆ ಟ್ಯಾಂಕಿನೊಳಗೆ ಮೀನುಗಳು ಕಾಣಲಿಲ್ಲ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ನೋಡುತ್ತಿರುವಂತೆಯೇ ಇನ್ನಷ್ಟು ದಟ್ಟವಾಗುತ್ತಿತ್ತು.

ಕೊಳೆತಿದೆ. ಏನೋ ಸತ್ತು ಕೊಳೆತಿದೆ, ಮೀನೋ ಬಸವನಹುಳುವೋ. ಬೆಳ್ಳಗಾದರೆ ತಡಮಾಡದೆ ಅರ್ಧ ನೀರು ತೆಗೆಯಬೇಕು ಎಂದು ಕೇಂದ್ರದ ಪುಸ್ತಕದಲ್ಲೇ ಇತ್ತು. ಲೋಟ ಕೆಳಗಿಟ್ಟು, ಬಚ್ಚಲಿನಿಂದ ಪೈಪು, ಬಕೆಟ್ ತಂದು, ಪೈಪಿನ ತುದಿಯನ್ನು ನೀರಿಗಿಳಿಸಿ ಎಳೆದಳು. ನೀರು ಬಕೆಟಿಗೆ ಧಾರೆಯಾಗಿ ಬಿತ್ತು. ಅದು ಬಿಳಿ ಬಕೆಟು. ತಳದಲ್ಲಿ ಏನೋ ಕೂರತೊಡಗಿತು. ಕಂದು ಛಾಯೆಯ ಸಣ್ಣ ಕಾಳುಗಳು.

ಅವಳು ಬಗ್ಗಿದಳು.

ಕೊಳೆಯನ್ನು ಅವಳಷ್ಟು ನೋಡಿದವರು ಊರಿನಲ್ಲಿ ಯಾರೂ ಇರಲಾರರು. ಒಣಗಿದ ರಕ್ತ, ತುಕ್ಕು, ಕೀವು, ದಾರದ ಎಳೆ, ಎಲ್ಲವನ್ನೂ ಕಣ್ಣಿನಲ್ಲೇ ಬೇರೆ ಮಾಡುತ್ತಿದ್ದಳು. ಕೊಳೆ ಯಾವತ್ತೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಂದು ಚೂರು ದೊಡ್ಡದು, ಒಂದು ಪುಡಿ, ಒಂದು ಎಳೆ. ಬಕೆಟಿನ ತಳದಲ್ಲಿದ್ದದ್ದೆಲ್ಲ ಒಂದೇ ಅಳತೆ. ಸಾವಿರಾರು, ಎಲ್ಲವೂ ದುಂಡು, ಯಾರೋ ಕೂತು ಎಣಿಸಿ ಮಾಡಿದ ಹಾಗೆ.

ಅವಳು ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಇವ್ರೇ!" ಎಂದು ಕೂಗಿದಳು. "ಫೋನ್ ತನ್ನಿ! ನಫೀಸಾಗೆ ಮಾಡಿ! ನನ್ನ ಕಿವಿಗಿಡಿ, ನನಗೆ ಕೈ ಬಿಡ್ಲಿಕ್ಕೆ ಆಗುದಿಲ್ಲ!"

ನಫೀಸಾ ನಿದ್ದೆಗಣ್ಣಿನಲ್ಲಿ ಕೇಳಿಸಿಕೊಂಡಳು. ಆಮೇಲೆ ಅವಳ ದನಿ ಬದಲಾಯಿತು. "ಪಂಪ್ ಆಫ್ ಮಾಡಿ ಅಕ್ಕ. ಫಿಲ್ಟರ್ ಆಫ್ ಮಾಡಿ. ಎಲ್ಲ ಆಫ್ ಮಾಡಿ. ಅದು ಮೊಟ್ಟೆ, ನೀರು ಬೆಳ್ಳಗಾದದ್ದು ವೀರ್ಯದಿಂದ."

"ಮೊಟ್ಟೆ ರಾತ್ರಿ ಅಲ್ವಾ ಇಡುದು? ನೀವೆಲ್ಲ ರಾತ್ರಿ ತಾನೇ ಕಾಯ್ತಾ ಕೂರುದು?"

"ನಾವು ರಾತ್ರಿ ಕಾದು ಬೆಳಿಗ್ಗೆ ಮಲಗ್ತೇವೆ!" ನಫೀಸಾ ನಗುತ್ತಿದ್ದಳೋ ಅಳುತ್ತಿದ್ದಳೋ. "ಇದು ಬೆಳಿಗ್ಗೆ ಇಡುವ ಜಾತಿ ಇರ್ಬೇಕು. ಯಾರಿಗೂ ಗೊತ್ತಿರ್ಲಿಲ್ಲ. ಅಕ್ಕ, ಇದೇ ಜಾತಿಯ ಹನ್ನೆರಡನೇ ನಂಬರು ಕೇಂದ್ರದಲ್ಲೇ ಉಂಟು. ಅಲ್ಲಿ ಒಂಬತ್ತಕ್ಕೆ ಜನ ಬರುದು. ಅಷ್ಟರಲ್ಲಿ ಫಿಲ್ಟರ್ ಎಲ್ಲ ನುಂಗಿರ್ತದೆ. ನಾನು ಓಡ್ತೇನೆ. ನೀವು ಆ ನೀರು ತನ್ನಿ. ಎರಡು ಗಂಟೆಯೊಳಗೆ ಎರಡೂ ಸೇರ್ಬೇಕು. ಒಂದೇ ಹವಳದ ಮೊಟ್ಟೆಯೂ ವೀರ್ಯವೂ ಒಂದಕ್ಕೊಂದು ಸೇರುದಿಲ್ಲ."

ಸುಗಂಧಿ ಕಪಾಟಿನಿಂದ ಗಾಜಿನ ದೊಡ್ಡ ಭರಣಿ ತೆಗೆದು ಬಕೆಟಿನ ನೀರನ್ನು ನಿಧಾನಕ್ಕೆ ಅದಕ್ಕೆ ಇಳಿಸಿದಳು.

"ಅದು ಮಾವಿನಮಿಡಿ ಉಪ್ಪಿನಕಾಯಿದ್ದಲ್ವಾ?" ಎಂದ ದೂಮಪ್ಪ ಗಾಬರಿಯಿಂದ.

"ತೊಳೆದದ್ದು ಯಾರು?"

ಅವನು ಅಂಗಿ ಹಾಕಿಕೊಂಡು ಆಟೋ ಕರೆಯಲು ಓಡಿದ.

ಭರಣಿಯನ್ನು ತೊಡೆಯ ಮೇಲಿಟ್ಟು, ತನ್ನ ಮೈಯ ಬಿಸಿ ತಾಗದಂತೆ ಒದ್ದೆ ಬಟ್ಟೆ ಸುತ್ತಿ, ಅವಳು ಬಂದರಿನ ತನಕ ಅಲುಗಾಡದೆ ಕೂತಳು. ಪ್ರತಿ ಹೊಂಡಕ್ಕೂ ದೂಮಪ್ಪ "ಮೆಲ್ಲ ಮಾರಾಯ, ಮೆಲ್ಲ" ಎನ್ನುತ್ತಿದ್ದ. "ಒಳಗೆ ಎಂತ ಉಂಟು, ಬಾಂಬಾ?" ಎಂದ ಆಟೋದವನು. ದೂಮಪ್ಪ ಸ್ವಲ್ಪ ಯೋಚಿಸಿ, "ನೇತ್ರಾಣಿ," ಎಂದ.

ಐಸ್ ಪ್ಲಾಂಟಿನಲ್ಲಿ ಹನ್ನೆರಡನೆಯ ನಂಬರಿನ ನೀರೂ ಬೆಳ್ಳಗಾಗಿತ್ತು. ಬೇರೆ ಜಾಗ, ಬೇರೆ ನೀರು, ಬೇರೆ ಕೈಯ ಊಟ. ನಡುವೆ ಆರು ಕಿಲೋಮೀಟರು ರಸ್ತೆ. ಆದರೂ ಎರಡು ಹವಳಗಳೂ ಅದೇ ಬೆಳಿಗ್ಗೆ ಅದೇ ಹೊತ್ತಿಗೆ ಬಾಯಿ ತೆರೆದಿದ್ದವು. ತಲೆ ಕೆದರಿದ ನಫೀಸಾ ಫಿಲ್ಟರು ನಿಲ್ಲಿಸಿ ಟ್ಯಾಂಕಿಗೆ ಬೆನ್ನುಕೊಟ್ಟು ನಿಂತಿದ್ದಳು, ಯಾರಾದರೂ ಬಂದು ಚಾಲೂ ಮಾಡಿಬಿಟ್ಟಾರು ಎಂಬ ಹಾಗೆ. ಎರಡು ನೀರನ್ನೂ ಒಂದು ಅಗಲವಾದ ಗಾಜಿನ ಬಟ್ಟಲಿನಲ್ಲಿ ಸೇರಿಸಿದರು.

ಮೊಟ್ಟೆ ಫಲಿಸಿತೋ ಇಲ್ಲವೋ ತಿಳಿಯಲು ಒಂದೂವರೆ ಗಂಟೆ ಕಾಯಬೇಕಿತ್ತು. ಕಾಯುವುದು ಸುಗಂಧಿಗೆ ಈಗ ಗೊತ್ತಿತ್ತು.

ನಫೀಸಾ ಬಟ್ಟಲಿನಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, "ಮೊದಲು ನೀವು ನೋಡಿ," ಎಂದಳು.

ಒಂದು ಗೋಳ. ಅದರೊಳಗೆ ಒಂದು ಬದಿಗೆ ಒತ್ತಿಕೊಂಡು ಚಿನ್ನದ ಕಂದು ಬಣ್ಣದ ಹತ್ತಿಪ್ಪತ್ತು ಸಾಸಿವೆಕಾಳುಗಳು.

"ಪಾಚಿ," ಎಂದಳು ಸುಗಂಧಿ ಪಿಸುದನಿಯಲ್ಲಿ. "ಮೊಟ್ಟೆಯ ಒಳಗೇ ಉಂಟು."

"ಹೌದಾ? ತಾಯಿಯೇ ಕಟ್ಟಿ ಕೊಟ್ಟು ಕಳಿಸಿದ್ದಾಳೆ ಹಾಗಾದ್ರೆ," ಎಂದಳು ನಫೀಸಾ.

ಕಳೆದ ವರ್ಷ ಹತ್ತರಲ್ಲಿ ಒಂದು ಪಾಲು ಉಳಿದಿತ್ತಲ್ಲ, ಆ ಒಂದು ಪಾಲು ಮತ್ತೆ ತುಂಬಿ, ತನಗೆ ಸಾಕಾಗಿ, ಮಿಕ್ಕಿ, ಬುತ್ತಿ ಕಟ್ಟುವಷ್ಟಾಗಿತ್ತು. ಇವಳು ಬೆಂಚಿನ ಮೇಲೆ ಕೈ ಕಟ್ಟಿ ಕೂತಿದ್ದ ಅಷ್ಟೂ ತಿಂಗಳು ಗಾಜಿನ ಆಚೆ ಈ ಕೆಲಸ ನಡೆದಿತ್ತು.

ಗೋಳದ ನಡುವೆ ಒಂದು ನೆರಳು ಬಿತ್ತು. ಸುಗಂಧಿ ಅದನ್ನು ತನ್ನ ರೆಪ್ಪೆಯ ನೆರಳೆಂದುಕೊಂಡಳು. ರೆಪ್ಪೆ ಬಡಿದರೂ ಅದು ಹೋಗಲಿಲ್ಲ. ಒಂದು ಬದಿಯಿಂದ ಸಣ್ಣ ಕುಳಿಯಾಗಿ, ಕುಳಿ ಗೆರೆಯಾಗಿ, ಗೆರೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಒಳಗೆ ಒಳಗೆ ಇಳಿಯಿತು. ನೋಡುತ್ತಿರುವಾಗಲೇ ಒಂದು ಇದ್ದದ್ದು ಎರಡಾಗಿ, ಎರಡೂ ಒಂದಕ್ಕೊಂದು ಒತ್ತಿಕೊಂಡು ಕೂತವು. ಚಿನ್ನದ ಕಾಳುಗಳು ಅಲ್ಲಿಷ್ಟು ಇಲ್ಲಿಷ್ಟು ಪಾಲಾಗಿದ್ದವು. ಪಕ್ಕದ ಗೋಳದಲ್ಲೂ ಅದೇ ಗೆರೆ ಇಳಿಯುತ್ತಿತ್ತು. ಅದರ ಆಚೆಯದರಲ್ಲೂ.

"ಎಂತ ಕಾಣ್ತದೆ?" ಎಂದ ದೂಮಪ್ಪ ಹಿಂದಿನಿಂದ, ಮಕ್ಕಳ ಹಾಗೆ ಕಾಲ್ಬೆರಳ ಮೇಲೆ ನಿಂತು. "ಸುಗಂಧಿ, ಎಂತ ಕಾಣ್ತದೆ ಹೇಳು."

ಅವಳು ಮೇಜು ಅಲುಗದಂತೆ ಮೆಲ್ಲನೆ ಎದ್ದು, ಅವನ ತೋಳು ಹಿಡಿದು ತಂದು, ತನ್ನ ಕುರ್ಚಿಯಲ್ಲಿ ಕೂರಿಸಿದಳು.